ಪ್ಯಾದಿ ಅಳಿಯನ ಮಷೀನು

ವಸ್ತುವಿನ ಜೊತೆ ಬರುವ ಪುಸ್ತಕವನ್ನು ಓದಿ, ಆಮೇಲೆ ಗುಂಡಿ ಒತ್ತುವವರ ಪೈಕಿ ನಾನಲ್ಲ. ನಮ್ಮ ಮನೆಯ ಮಿಕ್ಸರಿನ ಪುಸ್ತಕ ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ಹಾಸಿದೆ. ಗಡಿಯಾರದ ಪುಸ್ತಕ ಅಲುಗಾಡುವ ಕಪಾಟಿನ ಕಾಲಡಿಯಲ್ಲಿ ಮಡಚಿಕೊಂಡು ಸೇವೆ ಸಲ್ಲಿಸುತ್ತಿದೆ. ಆದರೂ ಪುಸ್ತಕವೊಂದು ಇದ್ದಿದ್ದರೆ ಎಂದು ನಾನು ಎರಡು ಸಲ ನಿಜವಾಗಿಯೂ ಹಲುಬಿದ್ದುಂಟು. ಒಂದು, ಅಳಿಯನಾದಾಗ. ಇನ್ನೊಂದು, ಚದುರಂಗದ ಮಷೀನು ಮನೆಗೆ ಬಂದಾಗ. ಎರಡಕ್ಕೂ ನಂಟಿರುವುದರಿಂದ ಅಳಿಯತನದಿಂದಲೇ ಶುರು ಮಾಡುತ್ತೇನೆ.

ನನ್ನ ಹೆಂಡತಿ ಮಹಾನಂದೆಯ ತವರು ಆಳಂದ. ಮಾವನವರಿಗೆ ತೊಗರಿ ವ್ಯಾಪಾರ ಹೊಟ್ಟೆಪಾಡು, ಚದುರಂಗ ಉಸಿರು. ನಮ್ಮ ಕಡೆಯ ಆಟದಲ್ಲಿ ಎದುರಾಳಿಯ ರಾಜನನ್ನು ಆನೆಯಿಂದಲೋ ವಜೀರನಿಂದಲೋ ಕಟ್ಟಿಹಾಕಿದರೆ ಅದು ಬರೀ ಗೆಲುವು. ಎಲ್ಲರಿಗಿಂತ ಕೆಳಗಿನ ಕಾಲಾಳು, ಅಂದರೆ ಪ್ಯಾದಿಯಿಂದ ಕಟ್ಟಿಹಾಕಿದರೆ ಅದು ಪ್ಯಾದಿಮಾತ್. ಗೆದ್ದವನು ಮೀಸೆ ತಿರುವುತ್ತಾನೆ. ಸೋತವನು ಊರು ಬಿಡುವುದೊಂದು ಬಾಕಿ. ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಹೋದಾಗ, ಅಫಜಲಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು ಎಂಬ ಧಿಮಾಕಿನಲ್ಲಿ ಮಾವನ ಎದುರು ಕುಳಿತೆ. ಚಹಾ ಆರುವುದರೊಳಗೆ ಪ್ಯಾದಿಮಾತ್ ಆಗಿತ್ತು.

ಅಂದಿನಿಂದ ಆ ಮನೆಯಲ್ಲಿ ನನಗಿದ್ದ ಹೆಸರು ಹೋಯಿತು. "ಪ್ಯಾದಿ ಅಳ್ಯಾಗ ಇನ್ನೊಂದು ಹೋಳಿಗಿ ಹಾಕ ಬೇ," ಎಂದು ಅತ್ತೆಯವರು ಮಗಳಿಗೆ ಹೇಳಿದರು, ತುಂಬು ಪ್ರೀತಿಯಿಂದ. ಶೇಂಗಾ ಹೋಳಿಗೆ ಚೆನ್ನಾಗಿದ್ದುದರಿಂದ ಸಿಟ್ಟನ್ನೂ ನೆಟ್ಟಗೆ ಮಾಡಲಾಗಲಿಲ್ಲ. ಮುಂದಿನ ವರ್ಷಗಳಲ್ಲೂ ಸೋತೆ. ಹೆಸರು ಗಟ್ಟಿಯಾಯಿತು, ಓಣಿಗೆಲ್ಲ ಹಬ್ಬಿತು. ಅದನ್ನು ಅಳಿಸಲು ಇದ್ದದ್ದು ಒಂದೇ ದಾರಿ, ಮಾವನನ್ನು ಒಮ್ಮೆ ಸೋಲಿಸುವುದು. "ಯಾವ ಮುಖ ಇಟ್ಟುಕೊಂಡು ಆಳಂದಕ್ಕೆ ಬರಲಿ?" ಎಂದು ಪ್ರತಿ ಹಬ್ಬಕ್ಕೂ ಹೆಂಡತಿಯನ್ನು ಕೇಳುತ್ತಿದ್ದೆ. "ಇರೋದೊಂದ ಮಾರಿ. ಅದನ್ನ ತೊಳ್ಕೊಂಡು ಬರ್ರಿ," ಎನ್ನುತ್ತಿದ್ದಳು.

ಹೀಗಿರುವಾಗ ದುಬೈಯಲ್ಲಿದ್ದ ಅವಳ ತಮ್ಮ ಶರಣು ರಜೆಗೆ ಬಂದ. ನನ್ನ ಮೇಲೆ ಕರುಣೆಯಿಂದ ಒಂದು ಮಷೀನು ತಂದಿದ್ದ. ನೋಡಲು ಚದುರಂಗದ ಹಲಗೆಯೇ, ಆದರೆ ಅಂಚಿನಲ್ಲಿ ಪುಟ್ಟ ಕೆಂಪು ದೀಪಗಳು. ನಾವು ಕಾಯನ್ನು ಒತ್ತಿ ಇಟ್ಟರೆ, ಅದು ತನ್ನ ನಡೆಯನ್ನು ದೀಪ ಹಚ್ಚಿ ತೋರಿಸುತ್ತದೆ.

"ಭಾವಾರ, ಇದರ ಕೂಡ ಆಡಿ ಕಲೀರಿ."

"ಇದರ ಪುಸ್ತಕ ಎಲ್ಲಿ ಅದನೋ?"

"ಬ್ಯಾಗ್ ಭಾರ ಆಗಾಕತ್ತಿತ್ರಿ. ಡಬ್ಬಿ ಕೂಡ ಅಲ್ಲೇ ಒಗದು ಬಂದೆ."

ಅದೇ ಬ್ಯಾಗಿನಿಂದ ಎರಡು ದಪ್ಪ ಕಂಬಳಿಗಳೂ ಹಾಲಿನ ಪುಡಿಯ ಡಬ್ಬಿಗಳೂ ಹೊರಬಂದವು. ಆಳಂದದ ಬಿಸಿಲಿಗೆ ದುಬೈ ಕಂಬಳಿ! ಇರಲಿ.

ಅಫಜಲಪುರಕ್ಕೆ ತಂದು ಆಡಲು ಕುಳಿತೆ. ನಮ್ಮಲ್ಲಿ ರಾಜನಿಗೆ ಒಂದು ಮರ್ಯಾದೆಯುಂಟು. ಶಹ ಬೀಳುವ ಮೊದಲು, ಅಂದರೆ ಎದುರಾಳಿಯ ಕಾಯಿ ಅವನಿಗೆ ಗುರಿಯಿಡುವ ಮೊದಲು, ಅವನು ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ಜಿಗಿಸಿದೆ. ಮಷೀನು "ಬುರ್ರ್" ಎಂದಿತು. ಸೆಲ್ ಇಳಿದಿರಬೇಕೆಂದು ಹೊಸ ಸೆಲ್ ಹಾಕಿ ಜಿಗಿಸಿದೆ. ಈಗ ಇನ್ನಷ್ಟು ಹುರುಪಿನಿಂದ "ಬುರ್ರ್" ಎಂದಿತು. ನನಗೆ ಇಷ್ಟು ಶಿಸ್ತು ಹೇಳಿದ ಮಹರಾಯ ತಾನು ಮಾತ್ರ ಪ್ಯಾದಿಯನ್ನು ಒಂದೇ ಏಟಿಗೆ ಎರಡು ಮನೆ ನಡೆಸಿತು. ನಮ್ಮ ಪ್ಯಾದಿ ಒಂದೊಂದೇ ಮನೆ ನಡೆಯುವ ಬಡಪಾಯಿ. ಆಮೇಲೆ ಒಂದೇ ಸರದಿಯಲ್ಲಿ ರಾಜನನ್ನು ಎರಡು ಮನೆ ಆಚೆ ಸರಿಸಿ, ಮೂಲೆಯ ಆನೆಯನ್ನು ಅವನ ಮೇಲಿಂದ ದಾಟಿಸಿ ಪಕ್ಕಕ್ಕೆ ತಂದು ಕಾವಲು ನಿಲ್ಲಿಸಿತು.

"ಮೋಸ!" ಎಂದು ಕೂಗಿದೆ.

ರೊಟ್ಟಿ ಬಡಿಯುತ್ತಿದ್ದ ಮಹಾನಂದೆ ಒಳಗಿಂದಲೇ, "ಅದರ ಕೂಡಾನೂ ಜಗಳ ಆಡಾಕತ್ತೀರೇನ್ರಿ?" ಎಂದಳು.

ಗೆಲ್ಲಲಾಗದ ಮೋಸಗಾರನ ಪಕ್ಷ ಸೇರುವುದೇ ಜಾಣತನ ಎಂಬುದನ್ನು ಆಗಿನ ಪತ್ರಿಕೆಗಳು ದಿನಾ ಕಲಿಸುತ್ತಿದ್ದವು. ನಾನೂ ಸೇರಿದೆ. ಅದು ಬೈದದ್ದನ್ನು ಬಿಟ್ಟೆ, ಮಾಡಿದ್ದನ್ನು ಮಾಡಿದೆ. ದೀಪಾವಳಿಯ ಹೊತ್ತಿಗೆ ಆಗೊಮ್ಮೆ ಈಗೊಮ್ಮೆ ಗೆಲ್ಲತೊಡಗಿದ್ದೆ. ನಡೆ ತೋರಿಸುವ ದೀಪಗಳಲ್ಲದೆ ಮೇಲೆ ಬೇರೆ ಎಂಟು ದೀಪಗಳಿದ್ದವು; ಅವುಗಳಲ್ಲಿ ಮೊದಲನೆಯದೊಂದೇ ಯಾಕೆ ಉರಿಯುತ್ತದೆ ಎಂದು ಕೇಳಿಕೊಳ್ಳಲಿಲ್ಲ. ಅದು ಎಳೆಮಕ್ಕಳ ದರ್ಜೆಯೆಂದು ಶರಣು ಹೇಳಿದ್ದು ಬಹಳ ತಡವಾಗಿ.

ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಆಳಂದಕ್ಕೆ ಹೋದೆ. ಮಾವನ ಹಲಗೆಯ ಮೇಲೇ ಆಟ ಶುರುವಾಯಿತು. ಸಮಯ ನೋಡಿ, ರಾಜನನ್ನು ಸರಿಸಿ, ಆನೆಯನ್ನು ದಾಟಿಸಿ, ಗಂಭೀರವಾಗಿ ಕೈಕಟ್ಟಿದೆ. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಳಿಯಂದ್ರ, ಒಂದ ಸಲಕ್ಕ ಎರಡು ಕಾಯಿ ನಡಿಸ್ತೀರೇನ್ರಿ?"

"ಮಷೀನು ಹಂಗ ಆಡತದ್ರಿ ಮಾವಾರ."

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಪ್ಯಾದಿ ಅನಸ್ಕೊಂಡಿದ್ದು ಸಾಲದಂತ ಕಳ್ಳ ಅನಸ್ಕೊಳ್ಳಾಕ ಬಂದಾರ ನೋಡು," ಎಂದರು. ಹೆಸರು ಅಳಿಸಲು ಹೋಗಿ ಎರಡನೆಯದೊಂದು ಅಂಟುವುದರಲ್ಲಿತ್ತು. ಓಡಿಹೋಗಿ ಮಷೀನನ್ನು ಸಾಕ್ಷಿಗೆ ತಂದೆ. ಮಾವ ಅದರೊಡನೆ ಆಡಲು ಕುಳಿತರು. ರಾಜನನ್ನು ಜಿಗಿಸಿ ಬೈಸಿಕೊಂಡರು. "ಹೋಗ್ಲಿ ಬಿಡ್ರಿ, ಪರದೇಶದ್ದು. ಅದರ ಮನಿ ರೀತಿ ಬ್ಯಾರೆ ಇರ್ತದ," ಎಂದು ಅದರ ರೀತಿಯಲ್ಲೇ ಆಡಿದರು. ಸ್ವಲ್ಪ ಹೊತ್ತಿನಲ್ಲೇ ಪ್ಯಾದಿಮಾತ್ ಮಾಡಿದರು. ಮಷೀನು ಕುಂಯ್‌ಗುಟ್ಟಿ ದೀಪ ಮಿಟುಕಿಸಿ ಸುಮ್ಮನಾಯಿತು. ಮಾವ ಕಾದು ಕುಳಿತೇ ಇದ್ದರು.

"ಮುಗೀತ್ರಿ. ನೀವು ಗೆದ್ರಿ," ಎಂದೆ.

"ಗೆದ್ದೆ ಖರೆ. ಆದ್ರ ಇದಕ್ಕ ಮಾರೀನ ಇಲ್ಲಲ್ಲರಿ!" ಅವರ ದನಿಯಲ್ಲಿ ನಿಜವಾದ ನಿರಾಸೆಯಿತ್ತು. "ನೀವು ಸೋಲಾಕತ್ತಾಗ ಮೊದಲ ಕಿವಿ ಕೆಂಪಾಗ್ತಾವ, ಆಮ್ಯಾಲ ಮೂಗು ಉಬ್ಬತದ, ಕಡೀಕ ಇಲ್ಲದ ಕೆಮ್ಮು ಬರ್ತದ. ಅದನ್ನ ನೋಡಾಕಂತ ನಾ ವರ್ಷೆಲ್ಲ ಕಾಯ್ತೇನಿ. ಬರ್ರಿ, ನಮ್ಮ ಆಟ ಆಡೂಣು."

ಆ ಕ್ಷಣವೇ ಪಣ ತೊಟ್ಟೆ. ಈ ಸಲ ಮುಖದಲ್ಲಿ ಏನೂ ಕಾಣಿಸಬಾರದು. ಕಿವಿಗೆ ಟವೆಲು ಸುತ್ತಿಕೊಂಡೆ. ಮೂಗನ್ನು ಹದ್ದುಬಸ್ತಿನಲ್ಲಿಟ್ಟೆ. ಮುಖವನ್ನು ಕಾಯುವ ಈ ಗಡಿಬಿಡಿಯಲ್ಲಿ ಎಡಗಡೆಯಿಂದ ಒಂದೊಂದೇ ಮನೆ ನಡೆದುಬರುತ್ತಿದ್ದ ಬಡಪಾಯಿಯನ್ನು ನೋಡಲೇ ಇಲ್ಲ. ಪ್ಯಾದಿಮಾತ್. ತುಟಿ ಬಿಗಿಹಿಡಿದು ಕುಳಿತಿದ್ದ ನನಗೆ ಎಲ್ಲಿಂದಲೋ ಕೆಮ್ಮು ಬಂತು.

"ಬಂತು ನೋಡ್ರಿ!" ಎಂದು ಮಾವ ತೊಡೆ ತಟ್ಟಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತೆ ಹೋಳಿಗೆ ತಂದರು.

ಮಷೀನು ಈಗ ಕಪಾಟಿನ ಮೇಲಿದೆ. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಹೆಂಡತಿಯನ್ನು ನಾನೀಗ ಕೇಳುವುದಿಲ್ಲ. ಅಲ್ಲಿ ಬೇಕಾಗಿರುವುದೇ ಈ ಮುಖ. ಮಷೀನಿನ ಪುಸ್ತಕ ದುಬೈಯಲ್ಲೇ ಉಳಿಯಿತು. ನನ್ನದು ಮಾತ್ರ ಆಳಂದದಲ್ಲಿ, ಮಾವನವರಿಗೆ ಬಾಯಿಪಾಠವಾಗಿದೆ.