ಗುಂಪು ಎಂದರೆ ಏನಿದ್ದ ಹಾಗೆ?

ತರಬೇತಿ ಮುಗಿಸಿ ಬಂದ ಮೇಷ್ಟ್ರು ಒಂದು ವಾರದ ಮಟ್ಟಿಗೆ ಅಪಾಯಕಾರಿ ಮನುಷ್ಯ. ಕೇಳಿ ಬಂದದ್ದನ್ನು ಯಾರ ಮೇಲಾದರೂ ಪ್ರಯೋಗಿಸುವವರೆಗೆ ಅವನಿಗೆ ಅನ್ನ ಇಳಿಯುವುದಿಲ್ಲ. ನಾನು ಸದಲಗಾ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಚಿಕ್ಕೋಡಿಯಲ್ಲಿ ನಡೆದ ತರಬೇತಿಯಲ್ಲಿ, ಮಕ್ಕಳು ಗುಂಪಾಗಿ ಯೋಜನೆ ಮಾಡಿ ಕಲಿಯುವುದಕ್ಕೆ ಒಂದೊಂದು ಹೋಲಿಕೆ ಕೊಡಿ ಎಂದರು. ‘ಭಜನಾ ಮೇಳ’ ಎಂದೆ. ತಾಳ ಒಬ್ಬರದು, ಪೇಟಿ ಒಬ್ಬರದು, ಪದ ಎಲ್ಲರದು. ಚಪ್ಪಾಳೆ ಬಿತ್ತು. ನಮ್ಮೂರ ಮೇಳದಲ್ಲಿ ಪೇಟಿ ನುಡಿಸುವವರಿಗೂ ಹಾಡುವವರಿಗೂ ಮಾತು ನಿಂತು ವರ್ಷಗಳೇ ಆಗಿವೆ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ; ನಾನೂ ಹೇಳಲು ಹೋಗಲಿಲ್ಲ.

ಬಂದವನೇ ಒಂಬತ್ತನೇ ತರಗತಿಯನ್ನು ಗುಂಪುಗಳಾಗಿ ಒಡೆದೆ. ದೂಧಗಂಗಾ ಉಕ್ಕಿ ಬಂದಾಗ ಯಾವ ಓಣಿಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂದು ಮನೆಮನೆಗೆ ಹೋಗಿ ಕೇಳಬೇಕು, ಊರಿನ ನಕ್ಷೆ ಬರೆಯಬೇಕು, ಪಾಲಕರ ಸಭೆಯಲ್ಲಿ ತೋರಿಸಬೇಕು. ಕೆಲಸ ಅರ್ಧ ಆದ ಮೇಲೆ, ‘ನಿಮ್ಮ ಗುಂಪು ಏನಿದ್ದ ಹಾಗೆ?’ ಎಂದು ಕೇಳಿದೆ.

“ಕಬ್ಬಿನ ಗ್ಯಾಂಗ್ ಇದ್ದಂಗ್ರಿ ಸರ್ರ. ಕಡಿಯಾಂವ ಕಡೀತಾನ, ಹೊರಿ ಕಟ್ಟಾಂವ ಕಟ್ತಾನ” ಎಂದ ಒಬ್ಬ.

“ಹಂಗಾರ ನಾ ಯಾರಪಾ?”

“ನೀವು ಗ್ಯಾಂಗಿನ ಮುಕಾದಮ್ರಿ. ಗಿಡದ ನೆಳ್ಳಾಗ ನಿಂತಿರ್ತೀರಿ.”

ಇದನ್ನು ತರಬೇತಿಯಲ್ಲಿ ಹೇಳುವಂತಿರಲಿಲ್ಲ. ಮುಂದಿನ ಗುಂಪಿನ ರುಕ್ಮಿಣಿಯನ್ನು ಕೇಳಿದೆ. ಅವಳ ಜೊತೆಗಿದ್ದವರು ಮಹಾವೀರ ಮತ್ತು ಸಮೀರ.

“ನಮ್ಮದು ಯುಗಾದಿ ಇದ್ದಂಗ್ರಿ. ಹೋಳಗಿ ಅವ್ವ ಒಬ್ಬಾಕಿನ ಮಾಡ್ತಾಳ, ಹಬ್ಬ ಮಾತ್ರ ಎಲ್ಲಾರದೂ.”

ತರಗತಿ ನಕ್ಕಿತು. ನಾನೂ ನಕ್ಕೆ, ಎಷ್ಟು ಚೆಂದದ ಹೋಲಿಕೆ ಎಂದು ಬೋರ್ಡಿನ ಮೇಲೆ ಬರೆದೂಬಿಟ್ಟೆ. ರುಕ್ಮಿಣಿ ಮಾತ್ರ ನಗಲಿಲ್ಲ. ಮರುದಿನ ಬಣ್ಣದ ಡಬ್ಬಿ ತಂದು ನನ್ನ ಟೇಬಲ್ ಮೇಲಿಟ್ಟಳು.

“ಇನ್ನ ನಾ ಮಾಡೂದಿಲ್ರಿ.”

“ಸಭಾ ಹತ್ರ ಬಂತಲ್ಲವಾ. ಯಾಕ, ಏನಾತು?”

“ನಾ ಹೇಳಿದ್ದು ನೀವು ಬೋರ್ಡ್ ಮ್ಯಾಲ ಬರದ್ರಿ. ಮತ್ತೇನೂ ಮಾಡ್ಲಿಲ್ಲಲ್ರಿ.”

ತರಬೇತಿಯಲ್ಲಿ ಹೋಲಿಕೆ ಕೇಳುವುದನ್ನು ಕಲಿಸಿದ್ದರು. ಕೇಳಿದ ಮೇಲೆ ಏನು ಮಾಡಬೇಕೆಂದು ಕಲಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಹುಡುಗರಿಬ್ಬರನ್ನೂ ಕರೆದೆ. ಇನ್ನು ನಕ್ಷೆ ನಿಮ್ಮದು, ರುಕ್ಮಿಣಿ ಪ್ರಶ್ನೆ ಕೇಳುತ್ತಾಳೆ, ಕುಂಚ ಮುಟ್ಟುವುದಿಲ್ಲ ಎಂದೆ. ಅವರು ಬರೆದ ನಕ್ಷೆಯಲ್ಲಿ ನದಿ ಹೆದ್ದಾರಿಯಂತೆ ನೆಟ್ಟಗಿತ್ತು, ಊರಿಗಿಂತ ಶಾಲೆಯೇ ದೊಡ್ಡದಿತ್ತು. ರುಕ್ಮಿಣಿ ಕೈಕಟ್ಟಿ ನಿಂತು ನೋಡಿದಳು. ತಿದ್ದಲಾಗದ ಸಂಕಟ ಅವಳ ಮುಖದಲ್ಲಿ ಕಾಣುತ್ತಿತ್ತು.

“ಕೆಳಗಿನ ಓಣಿ ಎಲ್ಲೈತೋ?” ಎಂದಳು. ಹುಡುಗರು ಮುಖಮುಖ ನೋಡಿಕೊಂಡರು. ಅತ್ತ ಯಾರೂ ಹೋಗಿರಲಿಲ್ಲ, ರುಕ್ಮಿಣಿಯೂ.

ಅಂದು ಸಂಜೆ ಮೂವರೂ ಹೋದರು. ತರಗತಿಯಲ್ಲಿ ಬಾಯಿಯೇ ತೆರೆಯದ ಮಹಾವೀರ ಮರುದಿನ ನನ್ನನ್ನು ಹುಡುಕಿಕೊಂಡು ಬಂದ. “ಅಲ್ಲೊಬ್ಬಾಕಿ ವಯಸ್ಸಾದ ಆಯಿ ಅದಾಳ್ರಿ. ನೀರು ಬಂದಾಗ ಎಮ್ಮಿ ಕರಾ ತಗೊಂಡು ಮಾಳಿಗಿ ಮ್ಯಾಲ ಕುಂತಿದ್ಳಂತ. ಗ್ವಾಡಿ ಮ್ಯಾಲ ಇನ್ನೂ ನೀರಿನ ಕಲಿ ಐತ್ರಿ, ನನ್ನ ತಲಿಗಿಂತ ಮ್ಯಾಲ.” ಹೇಳುವಾಗ ಅವನ ಕೈ ತಾನಾಗಿಯೇ ತಲೆಯ ಮೇಲಕ್ಕೆ ಹೋಯಿತು.

ಸಭೆಯ ದಿನ ಎಲ್ಲ ಗುಂಪುಗಳ ನಕ್ಷೆಗಳನ್ನೂ ಗೋಡೆಗೆ ಹಚ್ಚಿದ್ದೆವು. ಜನ ಸೇರಿದ್ದು ಹುಡುಗರ ಆ ಸೊಟ್ಟ ನಕ್ಷೆಯ ಮುಂದೆ. ನಮ್ಮ ಮನಿ ಎಲ್ಲೈತಿ, ನೀರು ಇನ್ನೂ ಮ್ಯಾಲ ಬಂದಿತ್ತು ಎಂದು ಒಬ್ಬೊಬ್ಬರೂ ಬೆರಳಿಡತೊಡಗಿದರು. ಕೆಳಗಿನ ಓಣಿಯ ಆಯಿಯೂ ಬಂದಿದ್ದಳು. ಅವಳು ಮರಾಠಿಯಲ್ಲಿ ಹೇಳಿದ್ದನ್ನು ಸಮೀರ ಎಲ್ಲರಿಗೂ ಕನ್ನಡದಲ್ಲಿ ಹೇಳಿದ, ಮಹಾವೀರ ಅಳತೆಪಟ್ಟಿ ಹಿಡಿದ, ರುಕ್ಮಿಣಿ ಯಾರೂ ಹೇಳದೆಯೇ ಪೆನ್ಸಿಲ್ ತೆಗೆದು ಗೆರೆ ತಿದ್ದಿದಳು. ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, “ಈಗ ನಿಮ್ಮ ಗುಂಪು ಏನಿದ್ದಂಗವಾ?” ಎಂದೆ.

“ಸರ್ರ, ಸ್ವಲ್ಪ ಸರೀರಿ. ಕೆಲಸ ಐತಿ” ಎಂದಳು.

ಈ ಪ್ರಯೋಗದ ಬಗ್ಗೆ ಮೇಲಿನವರಿಗೆ ಒಂದು ವರದಿ ಕಳಿಸಬೇಕೆಂದು ಮುಖ್ಯೋಪಾಧ್ಯಾಯರು ನಮ್ಮ ಮೂವರು ಶಿಕ್ಷಕರಿಗೆ ಒಟ್ಟಾಗಿ ಬರೆಯಲು ಹೇಳಿದರು. ಮೂವರಲ್ಲಿ ಕನ್ನಡ ಕಲಿಸುವ ಮೇಡಮ್ಮರ ಅಕ್ಷರ ದುಂಡಗಿದೆ ಎಂದು ಮೊದಲು ಹೇಳಿದವನು ನಾನೇ; ಬರೆದವರು ಅವರೊಬ್ಬರೇ. ವರದಿ ಬಹಳ ಚೆನ್ನಾಗಿ ಬಂದಿದೆಯಂತೆ, ನನ್ನ ಹೆಸರು ಎಲ್ಲರಿಗಿಂತ ಮೇಲಿದೆಯಂತೆ. ಬಿಡುವಾದಾಗ ಒಮ್ಮೆ ಓದಬೇಕು.