ಊಟ ಆಯ್ತಾ ಎನ್ನುವ ಪ್ರೋಗ್ರಾಮು

ನಮ್ಮ ಭಾವನಷ್ಟು ಬುದ್ಧಿವಂತರು ಇಡೀ ಕೋಗಿಲು ಬಡಾವಣೆಯಲ್ಲೇ ಇಲ್ಲ. ಇದು ಅವರೇ ಹೇಳಿದ್ದು, ನಾನು ಬರೆದುಕೊಂಡೆ ಅಷ್ಟೆ! ಅಕ್ಕನ ಗಂಡ, ಎದುರಾಡುವಂತಿಲ್ಲ.

ಯಾರೇ ಎದುರಾಗಲಿ, ಭಾವನ ಮೊದಲ ಮಾತು “ಊಟ ಆಯ್ತಾ?” ಒಮ್ಮೆ ಗೊರಗುಂಟೆಪಾಳ್ಯದಲ್ಲಿ ಸಿಗ್ನಲ್ ಹಾರಿಸಿ ಸಿಕ್ಕಿಬಿದ್ದಾಗ ಟ್ರಾಫಿಕ್ ಪೊಲೀಸರಿಗೂ ಅದನ್ನೇ ಕೇಳಿದರು. ಅವರು ದಂಡದ ರಸೀದಿ ಹರಿದುಕೊಟ್ಟು, “ಆಯ್ತು, ನಿಮ್ದು?” ಎಂದರಂತೆ.

ಇಂಥವರು ವಯಸ್ಸು ಐವತ್ತರ ಹತ್ತಿರ ಬಂದಾಗ ಇದ್ದ ಕೆಲಸ ಬಿಟ್ಟು, ವಿಡಿಯೋ ನೋಡಿಕೊಂಡು ಪ್ರೋಗ್ರಾಮಿಂಗ್ ಕಲಿತರು. ಯಲಹಂಕದ ಒಂದು ಅಪಾರ್ಟ್‌ಮೆಂಟಿನ ಗೇಟಿಗೆ, ಬಂದುಹೋಗುವವರ ಹೆಸರು ದಾಖಲಿಸುವ ಪ್ರೋಗ್ರಾಮು ಮಾಡಿಕೊಡಲು ಒಪ್ಪಿಕೊಂಡರು. ಅಕ್ಕ ಗಡುವು ಕೊಟ್ಟಳು. ಭಾನುವಾರ ಅಲ್ಲಿನ ನಿವಾಸಿಗಳ ಸಂಘದವರು ನೋಡಿ ಒಪ್ಪಿದರೆ ಸರಿ, ಇಲ್ಲವಾದರೆ ಸೋಮವಾರದಿಂದ ನಮ್ಮ ದೊಡ್ಡಪ್ಪನ ಸಿಮೆಂಟ್ ಅಂಗಡಿಯಲ್ಲಿ ಕೂರಬೇಕು. ಭಾವನಿಗೆ ಸಿಮೆಂಟಿನ ಧೂಳಿಗಿಂತ ದೊಡ್ಡಪ್ಪನ ಉಪದೇಶದ ಭಯ.

ಶನಿವಾರ, ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಭಾವನ ಫೋನ್ ಬಂತು. ಪ್ರೋಗ್ರಾಮು ಏಳುವ ಮೊದಲೇ ಮಕಾಡೆ ಮಲಗುತ್ತಿತ್ತು! ಹೋಗಿ ನೋಡಿದೆ. ಗೇಟಿನಲ್ಲಿ ಯಾರೂ ಕಾಯಬಾರದೆಂದು, ಬೇಕಾದದ್ದನ್ನೆಲ್ಲ ಮೊದಲೇ ಮೆಮೊರಿಗೆ ತುಂಬಿಕೊಳ್ಳುವ ಪ್ರಿಲೋಡ್ ಸ್ಕ್ರಿಪ್ಟ್ ಬರೆದಿದ್ದರು. ಅದರ ಮೊದಲ ಸಾಲೇ “ಊಟ ಆಯ್ತಾ?” ಸೆಕ್ಯೂರಿಟಿಯವರು ಉತ್ತರ ಒತ್ತಿದ ಮೇಲೇ ಮುಂದಿನ ಕೆಲಸ. ಆದರೆ ಪ್ರಿಲೋಡ್ ಆಗುವ ಹೊತ್ತಿಗೆ ಸ್ಟ್ಯಾಂಡರ್ಡ್ ಇನ್‌ಪುಟ್ಟೂ ಔಟ್‌ಪುಟ್ಟೂ ಸಿದ್ಧವಾಗಿರುವುದಿಲ್ಲ. ಅಂದರೆ ಪ್ರೋಗ್ರಾಮಿಗೆ ಇನ್ನೂ ಕಿವಿಯೂ ಇಲ್ಲ, ಬಾಯಿಯೂ ಇಲ್ಲ. ಅದು ಯಾರನ್ನು ಕೇಳಬೇಕು, ಯಾರ ಉತ್ತರಕ್ಕೆ ಕಾಯಬೇಕು?

ಆ ಸಾಲು ಅಳಿಸಿಬಿಡಿ ಎಂದೆ. ಭಾವ ಕನ್ನಡಕ ತೆಗೆದಿಟ್ಟರು.

“ಮನುಷ್ಯ ಡ್ಯೂಟಿಗೆ ಬಂದ್ ಕೂತಿರ್ತಾನೆ ಕಣೋ. ಒಂದ್ ಮಾತ್ ಕೇಳ್ದೇನೇ ಕೆಲ್ಸ ಹೇಳಕ್ಕಾಗುತ್ತಾ?”

ಎರಡು ಗಂಟೆ ವಾದ ಮಾಡಿ ಸೋತೆ. ಕೊನೆಗೆ ಆ ಸಾಲನ್ನು ಪ್ರಿಲೋಡಿನಿಂದ ಕಿತ್ತು ಮುಖ್ಯ ಪ್ರೋಗ್ರಾಮಿನ ಆರಂಭದಲ್ಲಿ ಕೂರಿಸಿದೆ. ಪ್ರೋಗ್ರಾಮು ಓಡಿತು.

ಭಾನುವಾರ ಮಧ್ಯಾಹ್ನ ಸಂಘದವರೆಲ್ಲ ಗೇಟಿನ ಬಳಿ ಸೇರಿದರು. ಅಕ್ಕನೂ ಬಂದಿದ್ದಳು. ಬೆಳಿಗ್ಗೆಯಿಂದ ನಿಂತೇ ಇದ್ದ, ವಯಸ್ಸಾದ ಸೆಕ್ಯೂರಿಟಿಯವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಪರದೆಯ ಮೇಲೆ ಪ್ರಶ್ನೆ ಮೂಡಿತು. ‘ಆಯ್ತು’ ಒತ್ತಿ ಮುಂದಕ್ಕೆ ಹೋಗಯ್ಯ ಎಂದು ಅಧ್ಯಕ್ಷರು ಅವಸರಿಸಿದರು. ಸೆಕ್ಯೂರಿಟಿಯವರು ಪ್ರಶ್ನೆಯನ್ನು ಇನ್ನೊಮ್ಮೆ ಓದಿ, ‘ಇಲ್ಲ’ ಒತ್ತಿದರು.

ಪ್ರೋಗ್ರಾಮು ನಿಂತುಬಿಟ್ಟಿತು. ‘ಇಲ್ಲ’ ಎಂದರೆ ಮುಂದೇನು ಎಂದು ಭಾವ ಬರೆದೇ ಇರಲಿಲ್ಲ! ಈ ಪ್ರಶ್ನೆಗೆ ನಮ್ಮಲ್ಲಿ ಯಾರು ತಾನೇ ಇಲ್ಲ ಎನ್ನುತ್ತಾರೆ?

ಅಧ್ಯಕ್ಷರು ನಕ್ಕರು. ಭಾವ ನಗಲಿಲ್ಲ. ಅಕ್ಕ ಕಟ್ಟಿಕೊಟ್ಟಿದ್ದ ತಮ್ಮ ಊಟದ ಡಬ್ಬಿ ತೆಗೆದು ಸೆಕ್ಯೂರಿಟಿಯವರ ಕೈಗಿಟ್ಟರು. “ಏಳಪ್ಪಾ, ಮೊದ್ಲು ಊಟ ಮಾಡು” ಎಂದು, ಹಳೆಯ ರಿಜಿಸ್ಟರ್ ಪುಸ್ತಕ ಎಳೆದುಕೊಂಡು ಗೇಟಿನಲ್ಲಿ ತಾವೇ ಕೂತರು. ಸಂಘದವರು ಗೊಣಗುತ್ತ ಒಬ್ಬೊಬ್ಬರಾಗಿ ಮನೆಗೆ ಹೋದರು. ಬಂದವರ ಹೆಸರನ್ನು ಕೈಯಲ್ಲೇ ಬರೆಯುತ್ತಿದ್ದ ಭಾವನನ್ನು ಕಂಡು ನನಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಜೊತೆಗೆ ದೊಡ್ಡಪ್ಪನ ಅಂಗಡಿ ನೆನಪಾಗಿ ಸಂಕಟವೂ ಆಯಿತು.

ಅಕ್ಕ ಗಂಡನ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತಳು.

“ನಾಳೆ ಅಂಗಡಿಗ್ ಹೋಗೋದ್ ಬೇಡ್ರೀ” ಎಂದಳು. “‘ಇಲ್ಲ’ ಅಂದ್ರೆ ಏನ್ ಮಾಡ್ಬೇಕು ಅಂತ ಬರೀರಿ.”