ದೊಡ್ಡಮ್ಮನ ಅಂಗೈಗೆ ಒಂದು ವಾರ ರಜೆ

ಜಗತ್ತಿನಲ್ಲಿ ಜೋಳದ ರೊಟ್ಟಿ ಬಡಿಯಲು ಬರುವುದು ಒಬ್ಬರಿಗೆ ಮಾತ್ರ. ಅವರು ಕುರುಗೋಡಿನಲ್ಲಿರುವ ನನ್ನ ದೊಡ್ಡಮ್ಮ. ಇದು ನನ್ನ ಅಭಿಪ್ರಾಯವಲ್ಲ, ದೊಡ್ಡಮ್ಮನದೇ!

ಬೀದಿಯಲ್ಲಿ ನಡೆಯುವಾಗ ಯಾರದೋ ಮನೆಯೊಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಆಕೆ ನಿಂತುಬಿಡುತ್ತಾಳೆ. ಸ್ವಲ್ಪ ಹೊತ್ತು ಕಿವಿಗೊಟ್ಟು, "ಹಿಟ್ಟಿಗೆ ನೀರು ಹೆಚ್ಚಾಗೈತಿ" ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತಾಳೆ. ಮುಂದೆ ಹೋದರೆ ಆ ಮನೆಯವರ ಪುಣ್ಯ. ಒಮ್ಮೊಮ್ಮೆ ಒಳಗೇ ಹೋಗಿಬಿಡುತ್ತಾಳೆ! ಸಿರುಗುಪ್ಪದ ನೆಂಟರ ಮದುವೆಗೆ ಎಲ್ಲರೂ ಉಡುಗೊರೆ ಒಯ್ದರೆ, ಈಕೆ ತನ್ನ ಊಟದ ರೊಟ್ಟಿ ಒಯ್ದಿದ್ದಳು. ಯಾಕೆ ಎಂದರೆ, "ಅವರು ಭತ್ತದ ಸೀಮಿಯವ್ರು. ರೊಟ್ಟಿನೂ ಅನ್ನದಂಗ ಮೆತ್ತಗ ಮಾಡ್ತಾರ!" ಇದನ್ನು ಹೇಳಿದ್ದು ಆ ನೆಂಟರ ಪಂಕ್ತಿಯಲ್ಲೇ ಕೂತು, ಅದೂ ಎರಡು ಸಲ. ನಾನು ಎಲ್ಲವನ್ನೂ ತಾರೀಖು ಹಾಕಿ ಡೈರಿಯಲ್ಲಿ ಬರೆದಿಡುವವನು, ಆದ್ದರಿಂದ ಗೊತ್ತು.

ಇಂಥ ದೊಡ್ಡಮ್ಮನಿಗೆ, ಒಮ್ಮೆ ವಾಸಿಯಾಗಿದ್ದ ಅಂಡಾಶಯದ ಕ್ಯಾನ್ಸರು ಈ ಬೇಸಿಗೆಯಲ್ಲಿ ಮರಳಿ ಬಂತು. ನಾನಿರುವುದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ಹಾಗಾಗಿ ಆಸ್ಪತ್ರೆಗೆ ಜೊತೆ ಹೋದವನು ನಾನೇ. ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು.

"ಈ ಸಲದ ಔಷಧಿ ಬ್ಯಾರೆ ರೀತಿ ಅಮ್ಮಾ. ಔಷಧಿನ ಕೊಬ್ಬಿನ ಸಣ್ಣ ಗುಳ್ಳಿಯೊಳಗ ತುಂಬಿರ್ತಾರ. ಕೂದಲಿನ ಎಳಿಗಿಂತ ಸಾವಿರ ಪಾಲು ಸಣ್ಣವು. ನ್ಯಾನೋ ಕಣ ಅಂತಾರ."

"ಅಂದ್ರ ಹೋಳಿಗಿ ಅನ್ರಿ. ಹೂರಣ ಒಳಗ, ಕಣಕ ಹೊರಗ."

ಡಾಕ್ಟರು ನಕ್ಕರು. "ಹಂಗೇ ಅನ್ಕೋರಿ. ಹೂರಣ ದಾರ್ಯಾಗ ಚೆಲ್ಲೋದು ಕಡಿಮಿ, ಹೃದಯಕ್ಕ ತ್ರಾಸೂ ಕಡಿಮಿ. ಕ್ಯಾನ್ಸರ್ ಗಡ್ಡಿ ಹತ್ರ ರಕ್ತನಾಳ ಸೋರ್ತಿರ್ತಾವ. ಅಲ್ಲಿ ಈ ಕಣ ಹೊರಗ ಇಳೀತಾವ."

"ಎಲ್ಲಾ ಅಲ್ಲೇ ಇಳೀತಾವೇನು?"

"ಎಲ್ಲಾ ಇಲ್ಲ. ಒಂದಿಷ್ಟು ಅಂಗೈ, ಅಂಗಾಲಿಗೂ ಹೋಗಿ ಸೇರ್ತಾವ."

"ಗಡ್ಡಿ ಹೊಟ್ಟ್ಯಾಗ, ಔಷಧಿ ಅಂಗೈಯಾಗ! ಅಡ್ರೆಸ್ ಸರಿ ಬರದಿಲ್ಲೇನ್ರಿ?"

ನನ್ನ ನಗು ಮುಗಿಯುವುದರೊಳಗೆ ಡಾಕ್ಟರು ಉಳಿದದ್ದನ್ನೂ ಹೇಳಿದರು. ಅಂಗೈ ಕೆಂಪಾಗಿ ಸುಲಿಯಬಹುದು. ಆದ್ದರಿಂದ ಔಷಧಿ ಏರಿಸುವಾಗ ಕೈಗೆ ಐಸ್ ಚೀಲ. ಆಮೇಲೆ ಒಂದು ವಾರ ಬಿಸಿನೀರು ಬೇಡ, ಒಲೆಯ ಝಳ ಬೇಡ, ಅಂಗೈ ತಿಕ್ಕುವ, ಬಡಿಯುವ ಕೆಲಸ ಯಾವುದೂ ಬೇಡ.

"ರೊಟ್ಟಿ?"

"ರೊಟ್ಟಿ ಅಂತೂ ಬ್ಯಾಡೇ ಬ್ಯಾಡ."

ಕ್ಯಾನ್ಸರು ಮರಳಿದೆ ಎಂದಾಗ ಕದಲದೆ ಕೂತಿದ್ದಾಕೆ ಈಗ ಎದ್ದು ನಿಂತಳು! "ಹಂಗಾರ ಔಷಧಿನೂ ಬ್ಯಾಡ. ಏಳಲೇ, ಬಸ್ಸಿಗೆ ಹೊತ್ತಾತು."

ತಡಮಾಡಿದರೆ ಗಡ್ಡೆ ಕಾಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಕುರುಗೋಡಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ. ಒಂದು ವಾರ ಅನ್ನ ಉಂಡರಾಗದೆ? ಪಕ್ಕದ ಮನೆಯ ರೊಟ್ಟಿಯಾಗದೆ? ಎಲ್ಲಕ್ಕೂ ಒಂದೇ ಉತ್ತರ: "ನನ್ನ ಮನ್ಯಾಗ ಮಂದಿ ರೊಟ್ಟಿ ಬರಂಗಿಲ್ಲ."

"ನಾನೇನು ಮಂದಿಯೇನು? ನಾ ಬಡೀತೀನಿ. ನೀ ಕಲಿಸು" ಎಂದೆ.

ಆಕೆ ನಕ್ಕ ರಭಸಕ್ಕೆ ಕಂಡಕ್ಟರು ತಿರುಗಿ ನೋಡಿದ. "ನೀನಾ? ಲೇ, ಜರಡಿ ಯಾವ ಕಡಿ ಹಿಡೀಬೇಕಂತರ ಗೊತ್ತೈತೇನು?"

ಅವತ್ತು ಸಂಜೆಯೇ ಪಾಠ. ನೀರು ಅಳೆಯಲು ಲೋಟ ಹುಡುಕಿದರೆ "ಕೈ ಇಲ್ಲೇನು?" ಎಂದಳು. ಬರೆದುಕೊಳ್ಳಲು ಪೆನ್ನು ತೆಗೆದರೆ "ಅದನ್ನೂ ಹಿಟ್ಟಿನ ಕೂಡ ನಾದು" ಎಂದಳು. ಆ ದಿನದ ಡೈರಿಯ ಲೆಕ್ಕ ಹೀಗಿದೆ: ಬಡಿದದ್ದು ಒಂಬತ್ತು, ಹರಿದದ್ದು ಏಳು. ಉಳಿದೆರಡನ್ನು ದೊಡ್ಡಮ್ಮ ಬೆಳಕಿಗೆ ಹಿಡಿದು ನೋಡಿ, "ಇವನ್ನ ಸಿರುಗುಪ್ಪಕ್ಕ ಕಳಿಸು" ಎಂದಳು!

ಆದರೂ ಒಂದನ್ನು ಮುರಿದು ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ಅಗಿಯದೆ ಬೇರೆ ದಾರಿಯೂ ಇರಲಿಲ್ಲ. ಆಮೇಲೆ ನನ್ನ ಮುಖ ನೋಡದೆಯೇ ಹೇಳಿದಳು: "ನಾಳಿ ಮೊದಲ್ನೇ ಬಸ್ಸಿಗೆ ಹೋಗೂಣು. ಆಮ್ಯಾಲೆ ವಾರ ಪೂರ್ತಿ ನೀ ಇಲ್ಲೇ ಇರಬೇಕು ಮತ್ತ."

ಮರುದಿನ ಆಸ್ಪತ್ರೆಯಲ್ಲಿ ಕೆಂಪು ಔಷಧಿಯ ಚೀಲ ತೂಗುಹಾಕಿದರು. ತೋಳಿಗೆ ಸೂಜಿ ಚುಚ್ಚಿದ ನರ್ಸು ಎರಡೂ ಅಂಗೈಗೆ ಬಟ್ಟೆ ಸುತ್ತಿದ ಐಸ್ ಚೀಲ ಕೊಟ್ಟಳು. "ಹೋಳಿಗಿ ಹೊಂಟಾವು ನೋಡಲೇ" ಎಂದು ದೊಡ್ಡಮ್ಮ ತಮಾಷೆ ಮಾಡಿದಳು. ಹನಿ ಬೀಳತೊಡಗಿದಂತೆ ಒಂದೊಂದನ್ನೇ ಎಣಿಸಿದಳು.

ಬಲಗೈಯ ಐಸ್ ಚೀಲವನ್ನು ಬದಿಗೆ ಸರಿಸಿ ನನ್ನ ಕೈ ಹಿಡಿದಳು. ಉರಿಯುವ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುವ ಕೈ ಅದು. ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದಿತ್ತು.

"ಅಮ್ಮಾ, ಬಿಸಿ ಕೈ ಹಿಡೀಬ್ಯಾಡ್ರಿ. ಐಸ್ ಹಿಡ್ಕೋರಿ" ಎಂದಳು ನರ್ಸು.

"ಇವನ ಕೈ ತಣ್ಣಗೈತಿ ಬಿಡವ್ವಾ."

ಬಳ್ಳಾರಿಯ ಬಿಸಿಲಲ್ಲಿ ನಡೆದು ಬಂದಿದ್ದ ನನ್ನ ಕೈ ಸುಡುತ್ತಿತ್ತು. ನರ್ಸು ನನ್ನ ಮುಖ ನೋಡಿದಳು, ದೊಡ್ಡಮ್ಮನ ಮುಖ ನೋಡಿದಳು. ಐಸ್ ಚೀಲ ಎತ್ತಿಕೊಂಡು, ನಮ್ಮಿಬ್ಬರ ಕೈಗಳನ್ನೂ ಸೇರಿಸಿ ಮೇಲೆ ಕಟ್ಟಿದಳು.